ಸುವರ್ಣಗಡ್ಡೆ ಹೊತ್ತು ಹಿರೇಕೆರೂರಿಗೆ

ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಹಾನಗಲ್ಲಿನ ನಿಲ್ದಾಣದಲ್ಲಿ ಶಿಗ್ಗಾಂವಿಯ ಬಸ್ಸು ಹತ್ತಿದೆ. ಕೈಯಲ್ಲೊಂದು ಬಟ್ಟೆಯ ಚೀಲ, ಮೈತುಂಬ ಶಾಲು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಕಂಡಕ್ಟರು ಸೊನ್ನೆಯ ಟಿಕೆಟು ಕೊಟ್ಟು ಮುಂದೆ ಹೋದ. ನಾನು ಕೊನೆಗೆ ಮುಟ್ಟಬೇಕಾದ ಊರು ಹಿರೇಕೆರೂರು. ಹಾನಗಲ್ಲಿನಿಂದ ಅಲ್ಲಿಗೆ ತಿಳವಳ್ಳಿಯ ಮೇಲೆ ಹತ್ತಿರದ ದಾರಿಯಿದೆ. ಆದರೂ ಶಿಗ್ಗಾಂವಿ, ಸವಣೂರು ಸುತ್ತಿ ಹೊರಟೆ. ಶಿಗ್ಗಾಂವಿಯಲ್ಲಿ, ಯಾರದೋ ಬಾಯಿಂದ ಸುದ್ದಿ ಕೇಳಿ ಸಿಟ್ಟಾಗಿ ಮಾತು ಬಿಟ್ಟ ತಮ್ಮನಿದ್ದ. ಸವಣೂರಿನಲ್ಲಿ ನನಗೆ ಅಡುಗೆ ಕಲಿಸಿದ ಬೀಬೀಜಾನ್ ಚಾಚಿ ಇದ್ದರು. ಇಬ್ಬರಿಗೂ ಎದುರಿಗೆ ಕೂತು ಹೇಳಬೇಕಾದ ಮಾತೊಂದಿತ್ತು: ನಾನು ಮಾಂಸ ಬಿಟ್ಟಿದ್ದೇನೆ.

ಹಾನಗಲ್ಲಿನಲ್ಲಿ ನನ್ನದೊಂದು ಸಣ್ಣ ಖಾನಾವಳಿ. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಕುದಿದದ್ದು ಮಟನ್ ಸಾರು, ಖೈಮಾ, ಭಾನುವಾರಕ್ಕೆ ಬಿರಿಯಾನಿ. ಕಳೆದ ಮಳೆಗಾಲದಲ್ಲಿ ನನಗೆ ಕಾಮಾಲೆ ಬಂತು. ಡಾಕ್ಟರು ಎರಡು ತಿಂಗಳು ಮಾಂಸ ಬಿಡಲು ಹೇಳಿದರು. ಪಥ್ಯ ಮುಗಿದ ದಿನ ಹಬ್ಬದ ಊಟಕ್ಕೆ ಕೂತಂತೆ ತಟ್ಟೆ ಹಾಕಿಕೊಂಡು ಕೂತೆ. ನನ್ನ ಕೈಯದೇ ಸಾರು. ತುತ್ತು ಬಾಯಿಗಿಟ್ಟೆ, ಬೇಡವೆನ್ನಿಸಿತು. ಅಸಹ್ಯವೇನೂ ಆಗಲಿಲ್ಲ, ದೇವರು ಕನಸಿನಲ್ಲಿ ಬಂದಿರಲಿಲ್ಲ. ಹೊಟ್ಟೆ ಹಗುರಾಗಿತ್ತು, ಮೈ ಹಗುರಾಗಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ತಿನ್ನುವುದು ಬಿಟ್ಟರೂ ಬೇಯಿಸುವುದು ನಡೆದಿತ್ತು. ಆದರೆ ರುಚಿ ನೋಡದೆ ಒಲೆಯಿಂದ ಪಾತ್ರೆ ಇಳಿಸುವುದು ನನಗೆ ಬಾರದು. ಉಪ್ಪು ಅಂದಾಜಿನ ಮೇಲೆ ಬೀಳತೊಡಗಿತು. ಗಿರಾಕಿಗಳು ಮುಖ ಕಿವುಚಿದರು. ಕೊನೆಗೆ ಖಾನಾವಳಿಯನ್ನೇ ಸಸ್ಯಾಹಾರಿ ಮಾಡಿದೆ. ಬರುವವರು ಅರ್ಧಕ್ಕಿಳಿದರು. ಯಜಮಾನರು ಬೈಯಲಿಲ್ಲ. ಸಂಜೆ ಖಾಲಿ ಬೆಂಚುಗಳನ್ನು ನೋಡುತ್ತ, "ಸಂಕ್ರಾಂತಿತನಕ ನೋಡೂಣು. ಆಗಲಿಲ್ಲಂದ್ರ ಮತ್ತ ಮಟನ್ ಇಡೂಣು, ಅಡಗಿಗೆ ಬ್ಯಾರೆ ಯಾರನ್ನರ ಹಚ್ಚೂಣು" ಎಂದರು. ಅಂದರೆ ನನ್ನ ಒಲೆ ನನ್ನ ಕೈ ಬಿಡುತ್ತಿತ್ತು.

ಅಷ್ಟರಲ್ಲಿ ಸುಜಾತಾ ಕೇಳಿದಳು. ಬ್ಯಾಂಕಿನ ಕೆಲಸಕ್ಕೆ ಹಾನಗಲ್ಲಿಗೆ ಬಂದು, ದಿನಾ ಮಧ್ಯಾಹ್ನ ನನ್ನಲ್ಲಿ ಉಣ್ಣುವ ಹುಡುಗಿ. ಹಿರೇಕೆರೂರಿನಲ್ಲಿ ಅವಳ ಗಂಡನ ಮನೆಯವರು ಹೊಸ ಮನೆ ಕಟ್ಟಿಸಿದ್ದರು. ಭಾನುವಾರದ ವಾಸ್ತುಶಾಂತಿಯ ಅಡುಗೆ ನಾನೇ ಮಾಡಬೇಕು. "ಹೋಳಿಗಿ, ಎಣ್ಣಿಗಾಯಿ ಎಲ್ಲಾರೂ ಮಾಡ್ತಾರ್ರೀ ಪಾರಕ್ಕಾ. ಬಂದವರು ಕೇಳಿ ಹಾಕಿಸ್ಕೊಳ್ಳೂವಂಥಾದ್ದು ಒಂದರ ಇರ್ಲಿ" ಎಂದಳು. ಒಪ್ಪಿಕೊಂಡೆ. ಅಂಥದ್ದು ಯಾವುದೆಂದು ಹೊರಡುವ ದಿನವೂ ನನಗೆ ಗೊತ್ತಿರಲಿಲ್ಲ.

ಬಂಕಾಪುರದ ತನಕ ರಸ್ತೆಯ ಒಂದು ಮಗ್ಗುಲಲ್ಲಿ ಗೋವಿನಜೋಳ ಒಣಹಾಕಿದ್ದರು. ಬಸ್ಸು ಇನ್ನೊಂದು ಮಗ್ಗುಲಲ್ಲೇ ಓಡಿತು. ಭತ್ತ ಕೊಯ್ದ ಗದ್ದೆಗಳಲ್ಲಿ ಮಂಜು ಕೂತಿತ್ತು. ಶಿಗ್ಗಾಂವಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿ ಶಾಲು ಚೀಲಕ್ಕೆ ಹೋಯಿತು. ತಮ್ಮ ಹನುಮಂತನದು ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಅಂಗಡಿ. ನನ್ನನ್ನು ಕಂಡು ಎದ್ದ, ಚೀಲ ಇಸಿದುಕೊಂಡು ಮನೆಯ ಕಡೆ ನಡೆದ.

ಮನೆಯಲ್ಲಿ ಅವನ ಹೆಂಡತಿ ಲಕ್ಷ್ಮಿ ಜವಾರಿ ಕೋಳಿ ಮಾಡಿದ್ದಳು. ಬೇಕೆಂದೇ ಮಾಡಿಸಿದ್ದನೆಂದು ವಾಸನೆಗೇ ತಿಳಿಯಿತು. ನಾನು ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಸಾಕೆಂದೆ. ಹನುಮಂತ ತಟ್ಟೆಯ ಮುಂದೆ ಕೈ ಕಟ್ಟಿ ಕೂತ.

"ದೊಡ್ಡವರ ಮನಿ ಅಡಗಿ ಸಿಗ್ಲಿ ಅಂತ ಬಿಟ್ಟಾಳ ಅಂತ ಜನಾ ಅನ್ನಾಕತ್ತಾರ" ಎಂದ. "ನಾವು ತಿನ್ನೋದು ನಿನಗ ಹೊಲಸು ಅನಸ್ತೈತೇನು?"

"ಹೊಲಸು ಅಂತ ನಾ ಯಾವಾಗ ಅಂದೇನಿ? ನೀ ಉಣ್ಣು. ನಿನ್ನ ಮಗ್ಗಲಕ್ಕs ಕುಂತು ನಾನೂ ಉಣ್ತೇನಿ."

"ಒಂದ್ ತುಂಡು ತಿನ್ನು. ನನ್ನ ಮಾತಿಗರ ತಿನ್ನು."

ಚಿಕ್ಕಂದಿನಲ್ಲಿ ನನ್ನ ಸೊಂಟದ ಮೇಲೆ ಬೆಳೆದ ತಮ್ಮ. ಕಣ್ಣಲ್ಲಿ ನೀರು ಬಂತು, ಆದರೆ ಕೈ ಮುಂದೆ ಹೋಗಲಿಲ್ಲ. "ನಿನ್ನ ಮಾತಿಗೆ ತಿಂದ್ರ ನಿನಗ ಸುಳ್ಳು ಹೇಳ್ದಂಗಾಕ್ಕೈತಿ" ಎಂದೆ. ಲಕ್ಷ್ಮಿ ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಅವನು ಗೋಡೆಯ ಕಡೆ ನೋಡುತ್ತ ಉಂಡ. ಮರುದಿನ ಬೆಳಿಗ್ಗೆ ಸವಣೂರಿನ ಬಸ್ಸಿಗೆ ಬಿಟ್ಟುಹೋದಾಗಲೂ ಅವನ ಬಾಯಿಂದ "ಹುಷಾರು" ಎಂಬ ಒಂದೇ ಮಾತು ಬಂತು.

ಸವಣೂರು ಅಲ್ಲಿಂದ ಒಂದು ತಾಸಿನೊಳಗಿನ ದಾರಿ. ಊರು ಹತ್ತಿರವಾದಂತೆ ವೀಳ್ಯದೆಲೆಯ ತೋಟಗಳ ತಂಪು ಕಿಟಕಿಯಿಂದ ಬಂತು. ನಿಲ್ದಾಣದ ಎದುರು ಒಂದು ಪೊಟ್ಟಣ ಸವಣೂರು ಖಾರಾ ಕೊಂಡು, ಅರ್ಧ ತಿಂದು, ನವಾಬರ ಕಾಲದ ಹಳೆಯ ಗೋಡೆಗಳ ಹಿಂದಿನ ಓಣಿಗೆ ನಡೆದೆ. ಬೀಬೀಜಾನ್ ಚಾಚಿ ಹೊಸ್ತಿಲಲ್ಲಿ ಕೂತು ಲವಂಗ ಆರಿಸುತ್ತಿದ್ದರು. ಒಂದು ಕಾಲಕ್ಕೆ ಈ ಸೀಮೆಯ ಮದುವೆಗಳಲ್ಲಿ ಅವರದೇ ಬಿರಿಯಾನಿ. ಮದುವೆಯಾದ ಹೊಸತರಲ್ಲಿ ಒಲೆಗೆ ಹೆದರುತ್ತಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾತ್ರೆಯ ಬಾಯಿ ಬಿಗಿದು ಹಬೆಯಲ್ಲೇ ಬೇಯಿಸುವ ದಮ್ ಕಟ್ಟುವುದನ್ನು ಕಲಿಸಿದವರು ಅವರು. ಇವರ ಮುಂದೆ ಬಾಯಿ ಬಿಡುವುದು ತಮ್ಮನ ಮುಂದೆ ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಮಾಂಸ ಬಿಟ್ಟದ್ದು, ಹಿರೇಕೆರೂರಿನ ಅಡುಗೆ ಒಪ್ಪಿಕೊಂಡದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಲವಂಗದಿಂದ ಕಣ್ಣೆತ್ತಲಿಲ್ಲ. "ಬಿಟ್ಟ ಮ್ಯಾಲೆ ತಬಿಯತ್ ಹೆಂಗೈತಿ ಬೇಟಿ?"

"ಚಲೋ ಐತ್ರಿ."

"ಮತ್ತ ಮಾರಿ ಯಾಕ ಸಣ್ಣ ಮಾಡೀದಿ?"

"ನೀವು ಕಲಿಸಿದ್ದೆಲ್ಲಾ ನೀರಾಗ ಹೋತು ಅಂತ ನಿಮಗ ಅನಿಸಬಾರದ್ರಿ."

"ಮಸಾಲಿ ಮರ್ತಿ ಏನು? ದಮ್ ಕಟ್ಟೋದು ಮರ್ತಿ ಏನು? ಇಲ್ಲಲಾ. ಹಂಗಾರ ಏನ್ ಹೋತು?" ಎಂದು ಲವಂಗದ ಮೊರ ಸರಿಸಿದರು. "ಹಿರೇಕೆರೂರಾಗ ದಮ್ ಇಡು. ಒಳಗ ಏನ್ ಹಾಕ್ತಿ, ಅದನ್ನ ಹೇಳು."

ಆಲೂಗಡ್ಡೆ ಎಂದೆ. ಅದು ಕರಗುತ್ತದೆ ಎಂದರು. ಹೂಕೋಸು ಎಂದೆ. ಅದಕ್ಕೆ ತಡೆಯುವ ಶಕ್ತಿಯಿಲ್ಲ ಎಂದರು. ಮಸಾಲೆ ಹೀರಬೇಕು, ಬೆಂಕಿ ತಡೆಯಬೇಕು, ಹಲ್ಲಿಗೆ ಸಿಗಬೇಕು. ಮೂಲೆಯಲ್ಲಿ ಅವರ ಸೊಸೆ ಸಂತೆಯಿಂದ ತಂದಿಟ್ಟ ಸುವರ್ಣಗಡ್ಡೆಯೊಂದು ಮಣ್ಣು ಮೆತ್ತಿಕೊಂಡು ಕೂತಿತ್ತು. ಇಬ್ಬರೂ ಅದನ್ನು ನೋಡಿದೆವು.

ಮೊದಲ ಪಾತ್ರೆ ಕೆಟ್ಟಿತು. ಗಡ್ಡೆಯನ್ನು ಮೊದಲೇ ಕುದಿಸಿದ್ದರಿಂದ ಅನ್ನದೊಳಗೆ ಮುದ್ದೆಯಾಯಿತು, ತಿಂದರೆ ಗಂಟಲು ತುರಿಸಿತು. ಚಾಚಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, "ಇದಕ್ಕಿಂತಾ ನಮ್ಮ ಕುರಿ ಚಲೋ. ಸತ್ತ ಮ್ಯಾಲೆ ಜಗಳ ತಗಿಯಂಗಿಲ್ಲ" ಎಂದರು. ನಗುತ್ತ ನಗುತ್ತ ನನಗೆ ಅವ್ವನ ಕೈ ನೆನಪಾಯಿತು. ಅವ್ವ ಗಡ್ಡೆಯನ್ನು ಕುದಿಸುತ್ತಿರಲಿಲ್ಲ, ಹುಣಸೆಹುಳಿಯಲ್ಲಿ ನೆನೆಹಾಕುತ್ತಿದ್ದಳು. ಎರಡನೆಯ ಸಲ ದಪ್ಪ ತುಂಡು ಮಾಡಿ, ಹುಳಿಯಲ್ಲಿ ನೆನೆಸಿ, ಒರೆಸಿ, ಮೇಲ್ಮೈ ಗರಿಗರಿಯಾಗುವಂತೆ ಎಣ್ಣೆಯಲ್ಲಿ ಹುರಿದೆ. ಆಮೇಲೆ ಮೊಸರು, ಕರಿದ ಉಳ್ಳಾಗಡ್ಡಿ, ಪುದೀನ, ಮಸಾಲೆ ಕಲಸಿ ಅರೆಬೆಂದ ಅನ್ನದ ನಡುವೆ ಹಾಸಿ, ಮುಚ್ಚಳಕ್ಕೆ ಕಣಕ ಮೆತ್ತಿ, ಮೇಲೆ ಕೆಂಡ ಹರವಿದೆ. ಸಂಜೆ ಕಣಕ ಒಡೆದಾಗ ಓಣಿಯ ಇಬ್ಬರು ಬಾಗಿಲಿಗೆ ಬಂದು ಯಾರ ಮನೆಯ ಮದುವೆ ಎಂದು ಕೇಳಿದರು.

ಚಾಚಿ ಒಂದು ತುಂಡನ್ನು ಬಹಳ ಹೊತ್ತು ಅಗಿದರು. "ಬಿರಿಯಾನಿ ಅಂತ ಹೇಳಬ್ಯಾಡ. ಗಡ್ಡಿ ದಮ್ ಅನ್ನು. ತನ್ನ ಹೆಸರಿನ ಮ್ಯಾಲೆ ನಿಂದ್ರತೈತಿ ಇದು."

ಆದರೆ ಸವಣೂರಿನ ಸಂತೆಯಲ್ಲಿ ವಾಸ್ತುಶಾಂತಿಯ ಜನಕ್ಕಾಗುವಷ್ಟು ಒಳ್ಳೆಯ ಗಡ್ಡೆ ಸಿಗಲಿಲ್ಲ. ಧೈರ್ಯ ಮಾಡಿ ಹನುಮಂತನಿಗೆ ಫೋನು ಮಾಡಿ, ಅಲ್ಲೆಲ್ಲಾದರೂ ಗಡ್ಡೆ ಸಿಕ್ಕರೆ ತಂದುಕೊಡಲು ಕೇಳಿದೆ. ಕೇಳಿಸಿಕೊಂಡು ಫೋನು ಇಟ್ಟುಬಿಟ್ಟ. ಬರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಶನಿವಾರ ಬೆಳಿಗ್ಗೆ ನಿಲ್ದಾಣಕ್ಕೆ ಹೋದರೆ ಬೈಕಿನ ಹಿಂದೆ ಟಯರಿನ ಟ್ಯೂಬಿನಿಂದ ಬಿಗಿದ ಗೋಣಿಚೀಲದೊಡನೆ ನಿಂತಿದ್ದ. ಹಿರೇಬೆಂಡಿಗೇರಿಯ ಅವನ ಗಿರಾಕಿಯೊಬ್ಬ ಬೆಳೆದ ಗಡ್ಡೆಗಳು, ಒಂದೊಂದೂ ನೀರಿನ ಕೊಡದಷ್ಟು ದಪ್ಪ.

"ಒಂದು ನಮ್ಮನಿಗೂ ಇಟ್ಕೊಂಡೇನಿ" ಎಂದ ಚೀಲ ಇಳಿಸುತ್ತ. "ಹೆಂಗ ಮಾಡೋದು ಅಂತ ಲಕ್ಷ್ಮಿಗೆ ಫೋನ್ ಹಚ್ಚಿ ಹೇಳು."

ಚೀಲವನ್ನು ಬಸ್ಸಿಗೆ ಏರಿಸಿದವನೂ ಅವನೇ. ಕಂಡಕ್ಟರು ನನಗೆ ಸೊನ್ನೆಯ ಟಿಕೆಟು ಕೊಟ್ಟು, ಗಡ್ಡೆಗೆ ಲಗೇಜಿನ ದುಡ್ಡು ಕೇಳಿದ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ಹಮಾಲನಿಗೆ ಬೇರೆ ಕೊಟ್ಟೆ. ಅಲ್ಲಿಂದಾಚೆಗೆ ಹತ್ತಿ ಬಿಡಿಸಿದ ಹೊಲಗಳು, ಕೆಂಪಗೆ ಹರವಿದ ಮೆಣಸಿನಕಾಯಿ. ಇಳಿಹೊತ್ತಿಗೆ ಹಿರೇಕೆರೂರಿನ ಕೆರೆ ಕಂಡಿತು.

ಹೊಸ ಮನೆಯ ಹಿತ್ತಿಲಲ್ಲಿ ಒಲೆ ಹೂಡಿದ್ದರು. ಸುಜಾತಾಳ ಅತ್ತೆ ನೀಲವ್ವ ಬಂದು ನಿಂತರು. ಹಣೆಯ ತುಂಬ ವಿಭೂತಿ, ನೆಟ್ಟಗಿನ ಬೆನ್ನು.

"ನಿನ್ನ ಖಾನಾವಳಿಯೊಳಗ ಮೊದ್ಲ ಏನ್ ಬೇಯ್ತಿತ್ತು ಅನ್ನೋದು ನನಗ ಗೊತ್ತೈತಿ" ಎಂದರು.

"ಹೌದ್ರಿ. ನಾನೂ ತಿಂತಿದ್ದೆ. ಈಗ ತಿನ್ನಂಗಿಲ್ಲ."

"ಯಾರರ ಗುರುಗಳು ಹೇಳಿದ್ರೇನು?"

"ಯಾರೂ ಹೇಳಿಲ್ರಿ. ನನಗs ಬ್ಯಾಡಾತು."

ಅವರು ನನ್ನನ್ನು ಅಳೆಯುವಂತೆ ನೋಡಿದರು. "ಸೊಸಿ ನಿನ್ನ ನಂಬ್ಯಾಳ. ನಮ್ಮ ಪಾತ್ರಿಯೊಳಗ ಮಾಡು. ನಾ ಉಣ್ಣೋದು, ಬಿಡೋದು ನಾಳೆ ನೋಡೂಣು." ಮನೆಯ ಹಿರಿಯಳು ಎಲೆಯ ಮುಂದೆ ಕೂರದಿದ್ದರೆ ನೆಂಟರಲ್ಲಿ ಅರ್ಧ ಜನ ಏಳುತ್ತಾರೆಂದು ಸುಜಾತಾ ಕಿವಿಯಲ್ಲಿ ಹೇಳಿ ಹೋದಳು.

ಭಾನುವಾರ ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಕೋಸಂಬರಿ, ಎಣ್ಣೆಗಾಯಿ, ಹೋಳಿಗೆ ಬಡಿಸಿದ ಮೇಲೆ ಹಂಡೆಯ ಕಣಕ ಒಡೆದೆ. ಹಬೆ ಚಪ್ಪರದ ತನಕ ಹೋಯಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಸಾಲಿನ ನಡುವೆ ಕೂತಿದ್ದ ಹಿರಿಯ ನೆಂಟರೊಬ್ಬರು ಒಂದು ತುಂಡು ಬಾಯಿಗಿಟ್ಟು, ಅಗಿದು, ಥಟ್ಟನೆ ಎಲೆಗೆ ಉಗುಳಿದರು.

"ಇದು ಗಡ್ಡಿ ಅಲ್ಲ" ಎಂದರು. "ಏನ್ ಹಾಕೀರಿ ಇದ್ರಾಗ?"

ಅಕ್ಕಪಕ್ಕದ ಕೈಗಳು ನಿಂತವು. ನನ್ನ ಹಿಂದಿನ ಅಡುಗೆ ಗೊತ್ತಿದ್ದವರು ಒಬ್ಬರ ಕಿವಿಯಲ್ಲೊಬ್ಬರು ಪಿಸುಗುಟ್ಟಿದರು. ಸುಜಾತಾಳ ಮುಖ ಬಿಳುಪೇರಿತು. ನಾನು ಒಳಗೆ ಹೋಗಿ ಉಳಿದ ಅರ್ಧ ಗಡ್ಡೆಯನ್ನು ಎತ್ತಿ ತಂದು ಪಂಕ್ತಿಯ ನಡುವೆ ಇಟ್ಟೆ. ಹಂಡೆಯಿಂದ ಒಂದು ತುಂಡು ತೆಗೆದು, ಎಲ್ಲರಿಗೂ ಕಾಣುವಂತೆ ಬೆರಳಿನಿಂದ ಮುರಿದೆ. ಒಳಗೆ ಹಳದಿ ಬಣ್ಣ, ಗಡ್ಡೆಯ ನಾರು. ಅರ್ಧ ನಾನು ತಿಂದೆ.

"ಮಾಂಸ ಇದ್ರ ಇದನ್ನ ನಾನs ತಿಂತಿದ್ದಿಲ್ರೀ" ಎಂದೆ.

ನೀಲವ್ವ ಬಾಗಿಲಲ್ಲಿ ನಿಂತಿದ್ದರು. "ಈ ಅಡಗಿ ಯಾರ ಹತ್ರ ಕಲ್ತಿ?"

ಅವ್ವನ ಹೆಸರು ಹೇಳಿ ಪಾರಾಗಬಹುದಿತ್ತು. "ಹುಳಿಯೊಳಗ ನೆನಸೋದು ನಮ್ಮವ್ವನ ಹತ್ರ. ದಮ್ ಸವಣೂರಿನ ಬೀಬೀಜಾನ್ ಚಾಚಿ ಹತ್ರ. ಅವರು ಬಿರಿಯಾನಿ ಮಾಡ್ತಾರ್ರಿ. ಅವರs ನನ್ನ ಗುರು" ಎಂದೆ.

ನೀಲವ್ವ ನಡೆದು ಬಂದು ನನ್ನ ಕೈಯಲ್ಲಿದ್ದ ಉಳಿದರ್ಧ ತುಂಡನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಆಮೇಲೆ ಆ ನೆಂಟರ ಕಡೆ ತಿರುಗಿ, "ಗಡ್ಡಿನ ಐತಿ ಮಾವಾ. ನೀವು ಇಂಥಾ ಗಡ್ಡಿ ಉಂಡಿಲ್ಲ, ಅಷ್ಟ" ಎಂದು, ಸಾಲಿನ ತುದಿಯಲ್ಲಿ ಸೆರಗು ಸರಿಪಡಿಸಿಕೊಂಡು ಕೂತರು. "ನನಗೂ ಒಂದ್ ಎಲಿ ಹಾಕು."

ಅಲ್ಲಿಂದ ನನಗೆ ಬಿಡುವೇ ಸಿಗಲಿಲ್ಲ. ಎರಡನೆಯ ಪಂಕ್ತಿಯವರು ಕೂರುವ ಮೊದಲೇ ದಮ್ ಕೇಳಿದರು. ಉಗುಳಿದ ಹಿರಿಯರು ಎಲೆ ಬದಲಿಸಿಕೊಂಡು ಎರಡು ಸಲ ಹಾಕಿಸಿಕೊಂಡರು, ಮೂರನೆಯ ಸಲ ಮೊಮ್ಮಗಳಿಗೆಂದು ಹೇಳಿ ತಾವೇ ತಿಂದರು. ರಟ್ಟೀಹಳ್ಳಿಯಿಂದ ಬಂದವರೊಬ್ಬರು ಮಗಳ ನಿಶ್ಚಯದ ಅಡುಗೆಗೆ ಬರುತ್ತೀರಾ ಎಂದು ಅಲ್ಲೇ ಕೇಳಿದರು. ಎಲ್ಲರೂ ಎದ್ದ ಮೇಲೆ, ಯಾವತ್ತಿನಂತೆ ಒಲೆಯ ಬಳಿ ನಿಂತೇ ಉಣ್ಣಲು ತಟ್ಟೆ ಎತ್ತಿಕೊಂಡೆ. ನೀಲವ್ವ ತಟ್ಟೆ ಕಸಿದುಕೊಂಡು, ಪಡಸಾಲೆಯಲ್ಲಿ ಎಲೆ ಹಾಕಿ, ತಮಗಾಗಿ ಎತ್ತಿಟ್ಟಿದ್ದ ದಮ್ಮನ್ನು ತಾವೇ ಬಡಿಸಿದರು. ಹೊಟ್ಟೆ ತುಂಬ ಉಂಡೆ. ಏನೋ ಕಡಿಮೆಯಿದೆ ಎಂಬ ಭಾವ ಮಳೆಗಾಲದಿಂದ ಊಟದ ಮೂಲೆಯಲ್ಲೆಲ್ಲೋ ಕೂತಿರುತ್ತಿತ್ತು. ಅವತ್ತು ಹುಡುಕಿದರೂ ಅದು ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ತಿಳವಳ್ಳಿಯ ಮೇಲಿನ ಹಾನಗಲ್ಲಿನ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಯಜಮಾನರಿಗೆ ಫೋನು ಮಾಡಿ ಸಂಕ್ರಾಂತಿಯ ಮಾತು ಮರೆತುಬಿಡಲು ಹೇಳಿದೆ. ಅವರು "ಬರೂ ಮುಂದ ಗಡ್ಡಿ ತರ್ತಿ ಏನು?" ಎಂದು ಕೇಳಿದರು. ಆಮೇಲೆ ಸವಣೂರಿಗೆ ಹಚ್ಚಿದೆ. ಉಗುಳಿದ್ದು, ಗಡ್ಡೆ ತಂದಿಟ್ಟದ್ದು, ನೀಲವ್ವ ಉಂಡದ್ದು ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಚಾಚಿ ನಡುವೆಯೇ ತಡೆದರು.

"ಅದೆಲ್ಲಾ ಇರ್ಲಿ. ಹಂಡೆದಾಗ ಎಷ್ಟ್ ಉಳೀತು?"

ಹಿಂದೆ ಹಿರೇಕೆರೂರಿನ ಕೆರೆ ಬಿಸಿಲಿಗೆ ಹೊಳೆಯುತ್ತ ತಿರುವಿನಲ್ಲಿ ಸರಿಯುತ್ತಿತ್ತು.

"ಏನೂ ಉಳೀಲಿಲ್ರೀ ಚಾಚಿ" ಎಂದೆ.