ಬೇವಿನ ಮರದ ಬುಡದಲ್ಲಿ

ಆ ಶುಕ್ರವಾರ ನಾವು ಹೊರಟದ್ದು ಗೋರಿ ನೋಡಲಿಕ್ಕೆ. ಬಹ್ರೇನಿನಲ್ಲಿ ಆಗೆಲ್ಲ ನಮ್ಮ ಕನ್ನಡದವರ ಪಿಕ್ನಿಕ್ ಎಂದರೆ ಸಮುದ್ರದ ದಂಡೆ, ಬಿರಿಯಾನಿ, ಅಂತ್ಯಾಕ್ಷರಿ. ಆ ಸಲ ಮಾತ್ರ ಬುಸೈತೀನಿನಲ್ಲಿದ್ದ ನಮ್ಮ ಹಿರಿಯರೊಬ್ಬರಿಗೆ ಇತಿಹಾಸದ ಹುಚ್ಚು ಹಿಡಿದಿತ್ತು. "ಈಜಿಪ್ಟಿಗೆ ಯಾಕೆ ಹೋಗ್ಬೇಕು ಮಾರಾಯ್ರೆ? ದೇವಸ್ಥಾನ, ಗೋರಿ ಎಲ್ಲ ಇಲ್ಲೇ ಉಂಟು. ನಾಲ್ಕು ಸಾವಿರ ವರ್ಷದ್ದು! ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರ್ಬಹುದು" ಎಂದು ಮನೆಮನೆಗೆ ಫೋನ್ ಮಾಡಿ ಒಂದು ಬಸ್ಸಿನಷ್ಟು ಜನರನ್ನು ಒಟ್ಟುಮಾಡಿದ್ದರು. ನನಗೆ ಮನಸ್ಸಿರಲಿಲ್ಲ. ಗಂಡನೇ ಒತ್ತಾಯ ಮಾಡಿದರು. ಸಿತ್ರಾದ ಕಾರ್ಖಾನೆಯಲ್ಲಿ ಅವರಿಗೆ ಪಾಳಿ ಕೆಲಸ. ಅವರು ಹೋದಮೇಲೆ ಸೆಗಯಾದ ಎರಡು ಕೋಣೆಯ ಫ್ಲಾಟಿನಲ್ಲಿ ನಾನು ಗೋಡೆ ನೋಡುತ್ತಾ ಕೂರುವುದು ಅವರಿಗೆ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಹಿಂದೆ, ತೊಂಬತ್ತರ ದಶಕದ ಆರಂಭದಲ್ಲಿ, ಬಹ್ರೇನಿನಲ್ಲೇ ನನಗೊಬ್ಬಳು ಮಗಳು ಹುಟ್ಟಿ ಮೂರು ದಿನ ಬದುಕಿದ್ದಳು. ಹೆಸರಿಡುವಷ್ಟು ದಿನವೂ ಸಿಗಲಿಲ್ಲ. ಅಷ್ಟು ಚಿಕ್ಕ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೆಂಗಸರು ಸ್ಮಶಾನಕ್ಕೆ ಹೋಗುವುದೂ ಇಲ್ಲ. ನಾನು ಆಸ್ಪತ್ರೆಯ ಮಂಚದಲ್ಲಿದ್ದೆ. ಸಂಜೆ ಬಂದ ಗಂಡನನ್ನು ಎಲ್ಲಿ ಎಂದು ಕೇಳಿದೆ. "ಗೋಡೆ ಹತ್ರ ಒಂದು ಬೇವಿನ ಮರ ಉಂಟು. ಅದರ ಬುಡದಲ್ಲಿ. ತಂಪಿನ ಜಾಗ" ಎಂದರು. ಆ ಮರವೊಂದೇ ನನಗೆ ಆಧಾರವಾಯಿತು. ಬೇಸಿಗೆಯಲ್ಲಿ ಏಸಿ ಹಾಕಿಕೊಂಡು ಮಲಗುವಾಗ, ಅವಳಿಗೂ ನೆರಳಿದೆಯಲ್ಲ ಎಂದುಕೊಂಡು ಕಣ್ಣು ಮುಚ್ಚುತ್ತಿದ್ದೆ.

ಬೇರೆಯವರೆಲ್ಲ ಅವಳನ್ನು "ಅದು" ಎನ್ನುತ್ತಿದ್ದರು. ನಮ್ಮ ಕಡೆ ಮದುವೆಯಾದ ಹುಡುಗಿಯನ್ನೂ "ಅದು" ಎನ್ನುವ ರೂಢಿ ಇದೆ, ತಪ್ಪೇನಲ್ಲ. ಆದರೂ "ಅದು ಹೋಯ್ತಲ್ಲ, ಇನ್ನೊಂದು ಆಗ್ತದೆ ಬಿಡು" ಎಂದು ಯಾರಾದರೂ ಸಮಾಧಾನ ಹೇಳಿದರೆ ಮೈ ಉರಿಯುತ್ತಿತ್ತು. ಹೋದದ್ದೇನು ಕುಕ್ಕರಿನ ಗ್ಯಾಸ್ಕೆಟ್ಟೇ? ಗಂಡನೂ "ಅದು" ಎಂದೇ ಹೇಳುತ್ತಿದ್ದರು, ಹೇಳಿದರೂ ಬಹಳ ಅಪರೂಪಕ್ಕೆ.

ಗೈಡ್ ಬಹ್ರೇನಿನವರೇ, ನರೆತ ಗಡ್ಡದ ಶಾಂತ ಮನುಷ್ಯ; ಬಜಾರಿನಲ್ಲಿ ಕಲಿತ ಹಿಂದಿಯಲ್ಲಿ ವಿವರಿಸುತ್ತಿದ್ದರು. ಮೊದಲು ಬಾರ್ಬಾರಿನ ಹಳೆಯ ದೇವಸ್ಥಾನ. ಮೆಟ್ಟಿಲಿಳಿದು ಹೋಗುವ ನೀರಿನ ಗುಂಡಿಯನ್ನು ಕಂಡು ನಮ್ಮವರೊಬ್ಬರು "ಇದು ನಮ್ಮ ದೇವಸ್ಥಾನದ ಕೆರೆಯೇ" ಎಂದು ಚಪ್ಪಲಿ ಬಿಚ್ಚಿ ಕೈಮುಗಿದರು. ನಾನೂ ನಕ್ಕೆ. ಕಲ್ಲಿನ ಮೇಲೆ ಟಿಫಿನ್ ಡಬ್ಬಿ ಇಟ್ಟವರಿಗೆಲ್ಲ ಗೈಡ್ "ನೈ, ನೈ, ಇದರ್ ಕುಛ್ ನೈ ರಖೋ" ಎಂದು ಗದರುತ್ತಿದ್ದರು.

ಊಟ ಮುಗಿಸಿ ಸಾರ್ ಎಂಬಲ್ಲಿನ ಗೋರಿಗಳಿಗೆ ಹೋದೆವು. ದೊಡ್ಡ ಗೋರಿಗಳ ಮಗ್ಗುಲಿಗೆ ಅಂಟಿಕೊಂಡು ಮೊಳದುದ್ದದ ಕಲ್ಲಿನ ಗೂಡುಗಳಿದ್ದವು. ಇವು ಮಕ್ಕಳದ್ದು ಎಂದರು ಗೈಡ್. ಬಗ್ಗಿ ಒಂದನ್ನು ತೋರಿಸಿ, ಇಂಥದರಲ್ಲಿ ಮಗುವಿನ ಜೊತೆ ಪುಟ್ಟ ಮಡಕೆಯೂ ಸಿಗುತ್ತದೆ, ದಾರಿಯಲ್ಲಿ ಹಸಿವಾಗಬಾರದೆಂದು ತಾಯಿ ಇಟ್ಟಿರಬೇಕು ಎಂದರು.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಹಾಲು ಇಳಿದಿತ್ತು. ಒಂದು ವಾರ ಬಾತ್‌ರೂಮಿನ ಬೇಸಿನ್ನಿಗೆ ಹಿಂಡಿ, ಮೇಲಿಂದ ನಲ್ಲಿ ಬಿಟ್ಟಿದ್ದೆ. ಮಗಳ ಜೊತೆ ಮಾತ್ರ ನಾವು ಏನನ್ನೂ ಕಳಿಸಿರಲಿಲ್ಲ.

ಉಳಿದವರು ಮುಂದೆ ಹೋದರು. ನಾನು ಗಂಡನ ತೋಳು ಹಿಡಿದು ನಿಲ್ಲಿಸಿದೆ. "ಬರುವ ವಾರ ನನ್ನನ್ನು ಆ ಬೇವಿನ ಮರದ ಹತ್ರ ಕರ್ಕೊಂಡು ಹೋಗಿ. ಹೆಂಗಸರು ಹೋಗ್ಬಾರ್ದು ಅಂತೆಲ್ಲ ಹೇಳ್ಬೇಡಿ. ಒಂದು ಸಲ ನೋಡ್ತೇನೆ, ಅಷ್ಟೇ."

ಅವರು ಆ ಗೂಡನ್ನೇ ನೋಡುತ್ತಿದ್ದರು. "ಬೇವಿನ ಮರ ಇಲ್ಲ ಮಾರಾಯ್ತಿ" ಎಂದರು.

"ಕಡಿದ್ರಾ?"

"ಇತ್ತಾ ಇಲ್ವಾ ನಂಗೆ ಗೊತ್ತೇ ಇಲ್ಲ. ನಾನು ಗೇಟಿನ ಹೊರಗೆ ಕಾರಲ್ಲೇ ಕೂತಿದ್ದೆ. ಇಳೀಲಿಕ್ಕೆ ಕಾಲೇ ಬರ್ಲಿಲ್ಲ. ದೋಸ್ತಿಗಳು ಅವಳನ್ನು ನನ್ನ ಮಡಿಲಿಂದ ತಕೊಂಡು ಹೋದ್ರು. ಆಮೇಲೆ ಕೇಳಿದ್ದಕ್ಕೆ, ಗುರುತು ಎಂತದೂ ಇಟ್ಟಿಲ್ಲ ಅಂದ್ರು. ಈಗ ಅವರೂ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗಿ ಆಯ್ತು."

ಎರಡು ವರ್ಷ ನೆಚ್ಚಿಕೊಂಡಿದ್ದ ಮರ ಒಂದು ಮಾತಿನಲ್ಲಿ ಹೋಯಿತು. ಸಿಟ್ಟು ಬಂತು, ಆ ಬಯಲಿನಲ್ಲಿ ಕಿರುಚಿಬಿಡುವಷ್ಟು. ನಾಲ್ಕು ಸಾವಿರ ವರ್ಷದ ಹಿಂದಿನ ಮಗು ಎಲ್ಲಿ ಮಲಗಿತ್ತೆಂದು ಬೆರಳಿಟ್ಟು ತೋರಿಸುವವರಿದ್ದಾರೆ. ಮೊನ್ನೆ ಮೊನ್ನೆ ಹೋದ ನನ್ನವಳಿಗೆ ಯಾರೂ ಇಲ್ಲ. ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿದೆ. "ಅವಳು" ಎಂದಿದ್ದರು. ಎರಡು ವರ್ಷದಲ್ಲಿ ಮೊದಲ ಸಲ. ಬೈಯಲಾಗಲಿಲ್ಲ, ಅಳು ಬಂತು.

ಚೀಲದಲ್ಲಿ ಸಂಜೆಯ ಚಹಾಕ್ಕೆಂದು ತಂದ ಹಾಲಿನ ಫ್ಲಾಸ್ಕ್ ಇತ್ತು. ಅದರ ಮುಚ್ಚಳಕ್ಕೆ ಹಾಲು ಬಗ್ಗಿಸಿ ಆ ಗೂಡಿನೊಳಗೆ ಇಟ್ಟೆ. ತಲೆಯೆತ್ತಿದರೆ ಗೈಡ್ ನೋಡುತ್ತಿದ್ದರು. ಗದರುತ್ತಾರೆಂದು ಕಾದೆ. ಅವರು ನಮಗೆ ಬೆನ್ನು ಹಾಕಿ, ಆಗಲೇ ಹೇಳಿ ಮುಗಿಸಿದ್ದ ದೊಡ್ಡ ಗೋರಿಯ ಕಥೆಯನ್ನೇ ಉಳಿದವರಿಗೆ ಮತ್ತೊಮ್ಮೆ, ಗಟ್ಟಿ ದನಿಯಲ್ಲಿ ಹೇಳತೊಡಗಿದರು.

ಹಾಲಿನಿಂದ ಹಬೆ ಏಳುತ್ತಿತ್ತು. ಗಂಡ ಕುಕ್ಕರಗಾಲಿನಲ್ಲಿ ಕೂತು ಮುಚ್ಚಳವನ್ನು ಮುಟ್ಟಿ ನೋಡಿದರು.

"ಸ್ವಲ್ಪ ತಣಿಲಿ" ಎಂದರು. "ಅವಳ ಬಾಯಿ ಸುಡ್ತದೆ."