ಮಾವನ ಬರಾಬರಿ ಕುಸ್ತಿ

ಮೊನ್ನೆ ಮಗಳು ತನ್ನ ಮಗನಿಗೊಂದು ಪುಸ್ತಕ ತಂದಳು. ಯಾವನೋ ಹೆಸರಾಂತ ಕುಸ್ತಿಪಟುವಿನ ಜೀವನಚರಿತ್ರೆ. ಪುಟದ ತುಂಬ ಚಿತ್ರ, ಮೂಲೆಯಲ್ಲಿ ಎರಡು ಸಾಲು ಮಾತು. ಓದೆಂದರೆ ಹೊಟ್ಟೆನೋವು ಬರುವ ಮಕ್ಕಳಿಗಾಗಿಯೇ ಮಾಡಿದ್ದಂತೆ. ಹೊಸ ಕಾಗದದ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮಾಲೂರಿನ ನಮ್ಮ ಮನೆಯ ಜಗಲಿ ನೆನಪಾಯಿತು. ಹುಡುಗನದೇನೂ ತಪ್ಪಿಲ್ಲ ಬಿಡಿ, ಈ ಹೊಟ್ಟೆನೋವು ನಮ್ಮ ವಂಶದಲ್ಲೇ ಹರಿದುಬಂದದ್ದು.

ಎಪ್ಪತ್ತರ ದಶಕದಲ್ಲಿ ನನಗೂ ಇದೇ ಮದ್ದು ಮಾಡಿದ್ದರು. ಅಪ್ಪ ಮೇಷ್ಟರು. ಮೇಷ್ಟರ ಮಗ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾನೆಂದರೆ ಊರಿಗೆಲ್ಲ ಮಜಾ. ಪಾಪ, ಅವರು ಕೋಲಾರದಿಂದ ಒಬ್ಬ ಭಾರಿ ಪೈಲ್ವಾನನ ಚಿತ್ರಕಥೆ ತಂದುಕೊಟ್ಟರು. ನಾನು ಚಿತ್ರ ನೋಡಿ, ನಾಲ್ಕು ದಿನ ಬಸ್ಕಿ ಹೊಡೆದು, ಪುಸ್ತಕ ಮುಚ್ಚಿಟ್ಟೆ. ಮದ್ದು ಮೈಗೆ ಹತ್ತಿತು, ತಲೆಗೆ ಹತ್ತಲಿಲ್ಲ.

ಅಷ್ಟರಲ್ಲಿ ಮುಳಬಾಗಿಲಿನಿಂದ ಸೋದರಮಾವ, ಅತ್ತೆ ಬಂದರು. ಮಾವನೂ ಹಳೆಯ ಪೈಲ್ವಾನರೇ. ಪುಸ್ತಕದ ಇದೇ ಮಹಾಶಯನ ಜೊತೆ ಒಮ್ಮೆ ಸೆಣಸಿ ಕುಸ್ತಿ ಬರಾಬರಿ ಮಾಡಿದ್ದರು, ಅಂದರೆ ಇಬ್ಬರೂ ಸೋಲದೆ ಎದ್ದಿದ್ದರು. ಹಾಗೆಂದು ನಮಗೆ ಹೇಳಿದವರು ಮಾವನೇ. ಕುರುಡುಮಲೆ ಗಣಪನ ಮೇಲೆ ಆಣೆಯಿಟ್ಟು ಹೇಳುತ್ತಿದ್ದುದರಿಂದ ಮರುಪ್ರಶ್ನೆ ಏಳುತ್ತಿರಲಿಲ್ಲ. ಆ ಬರಾಬರಿಯ ಬಲದ ಮೇಲೆ ಅವರಿಗೆ ಊರ ನಾಟಕದಲ್ಲಿ ಮುಂದಿನ ಸಾಲು, ಮದುವೆ ಮನೆಯಲ್ಲಿ ಮೊದಲ ಪಂಕ್ತಿ. ಅತ್ತೆಯನ್ನು ತಮಗೆ ಕೊಟ್ಟದ್ದೂ ಅದನ್ನು ಕೇಳಿಯೇ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಮಾವನಿಗೆ ಓದು ಬಾರದು. ಪುಸ್ತಕ ಕಂಡದ್ದೇ, ತಮ್ಮ ಕುಸ್ತಿ ಇದರಲ್ಲಿ ಇರಲೇಬೇಕೆಂದು ನನ್ನಿಂದ ಗಟ್ಟಿಯಾಗಿ ಓದಿಸಿದರು. ಅಪ್ಪ, ಅಮ್ಮ, ಅವರೆಕಾಳು ಹಿಸುಕುತ್ತಿದ್ದ ಅತ್ತೆ, ಎಲ್ಲರೂ ಕೇಳುತ್ತಿದ್ದರು. ಓದು ನೆಟ್ಟಗೆ ಬರುವವನಾಗಿದ್ದರೆ ಮೊದಲೇ ಕಣ್ಣಾಡಿಸಿ ಆ ಸಾಲನ್ನು ನುಂಗಿಬಿಡುತ್ತಿದ್ದೆ. ನನಗೆಲ್ಲಿತ್ತು ಆ ಭಾಗ್ಯ? ಬಾಯಿಂದ ಹೊರಬಿದ್ದ ಮೇಲೆಯೇ ನನಗೂ ಅರ್ಥವಾಗುತ್ತಿದ್ದುದು. “ಮು-ಳ-ಬಾ-ಗಿ-ಲಿ-ನ ಪೈಲ್ವಾನನೊಬ್ಬ ಒಂದೇ ಪಟ್ಟಿಗೆ ಚಿ-ತ್” ಎಂದು ಓದಿಬಿಟ್ಟೆ. ಪಕ್ಕದ ಚಿತ್ರದಲ್ಲಿ ಒಬ್ಬ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.

ಅತ್ತೆಯ ಮುಖ ನೋಡಲಾರದೆ ಮಾವ ನೆಲ ನೋಡುತ್ತ ಕೂತರು. ನನಗೆ ಅಳು ಬಂತು. ಅತ್ತೆ ಮಾತ್ರ ಕೈ ನಿಲ್ಲಿಸಲಿಲ್ಲ.

“ನಂಗೆ ಮದುವೇಗೆ ಮುಂಚೇನೇ ಗೊತ್ತು. ನಮ್ಮಪ್ಪ ಅಖಾಡದ ಪಕ್ಕದಲ್ಲೇ ಕೂತಿದ್ದ,” ಅಂದರು. “ಹೇಳ್ಕೊಂಡು ಖುಷಿಯಾಗಿದ್ರಲ್ಲ, ಇರ್ಲಿ ಅಂತ ಬಿಟ್ಟೆ.”

ಮಾವನನ್ನು ಕೆಡವಲು ಆ ಪೈಲ್ವಾನನಿಗೆ ಒಂದು ಪಟ್ಟಾದರೂ ಬೇಕಾಗಿತ್ತು. ಅತ್ತೆಗೆ ಅದೂ ಬೇಕಾಗಲಿಲ್ಲ.

ಮಾವ ಪುಸ್ತಕವನ್ನು ಮತ್ತೆ ನನ್ನ ಮುಂದೆ ಸರಿಸಿದರು.

“ಏಮ್ರಾ, ನನ್ನ ಹೆಸ್ರು ಹಾಕವ್ರಾ ನೋಡು.”

ಮೇಲಿಂದ ಕೆಳಗಿನವರೆಗೂ ಹುಡುಕಿದೆ. ಇರಲಿಲ್ಲ. ಸುಳ್ಳು ಬಯಲಾದಾಗಲೂ ಅಷ್ಟು ಬಾಡದ ಮುಖ ಆಗ ಬಾಡಿತು. ಅಪ್ಪ ಒಳಗೆ ಹೋಗಿ ಪೆನ್ಸಿಲ್ ತಂದುಕೊಟ್ಟರು. ಬಿದ್ದವನ ಪಕ್ಕದಲ್ಲಿ ಮಾವನ ಹೆಸರನ್ನು, ಇನಿಷಿಯಲ್ ಸಮೇತ, ದಪ್ಪಗೆ ಬರೆದೆ. ಯಾರೂ ಗದರಿಸದೆ ನಾನು ಬರೆದ ಮೊದಲ ಬರಹ ಅದೇ ಇರಬೇಕು. ಮಾವ ಪುಸ್ತಕ ಕೇಳಿ ತೆಗೆದುಕೊಂಡು ಹೋದರು. ಆಮೇಲೆ ಬರಾಬರಿಯ ಮಾತೇ ಇಲ್ಲ. ಅಂಥವನ ಕೈಲಿ ಬಿದ್ದವನು ನಾನು, ಪುಸ್ತಕದಲ್ಲೇ ಇದೆ ಎಂದು ಎಲ್ಲರಿಗೂ ತೋರಿಸುತ್ತಿದ್ದರಂತೆ. ಮೊದಲ ಪಂಕ್ತಿ ಏನೂ ತಪ್ಪಲಿಲ್ಲ.

ಮೊನ್ನೆ ಮೊಮ್ಮಗ ತನ್ನ ಪುಸ್ತಕ ಬಿಸಾಕಿ ಆಡಲು ಹೋದ. ನಾನೇ ಕನ್ನಡಕ ಏರಿಸಿಕೊಂಡು ಓದಲು ಕೂತೆ. ಪುಟಕ್ಕೊಬ್ಬ ಬಿದ್ದಿದ್ದಾನೆ, ಒಬ್ಬನಿಗೂ ಹೆಸರಿಲ್ಲ. ಬರೆಯೋಣವೆಂದರೆ, ಇವರೆಲ್ಲ ಯಾರ ಯಾರ ಸೋದರಮಾವಂದಿರೋ ತಿಳಿಯದು.