ಕಲ್ಲು ಸರಿದ ತಿರುವು

ಕಳಸಕ್ಕೆ ಹೊರಟಿದ್ದ ಜೀಪು ಒಂದು ತಿರುವಿನಲ್ಲಿ ಯಾರೂ ಹೇಳದೆಯೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಎಸ್ಟೇಟ್ ಕೆಲಸದ ಚೆನ್ನಮ್ಮ ಚೀಲದಿಂದ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಇಳಿದರು. ನಾನೂ ಇಳಿದೆ. ಎಡಕ್ಕೆ ಸಿಮೆಂಟ್ ಕಟ್ಟೆಯ ಮೇಲೆ ಹಳೆಯ ವೀರಗಲ್ಲು, ಪಕ್ಕದಲ್ಲಿ ಹೊಸ ಬೋರ್ಡು: 'ಯುದ್ಧದಲ್ಲಿ ಮಡಿದ ವೀರನ ಸ್ಮಾರಕ'. ಚೆನ್ನಮ್ಮ ಬೋರ್ಡಿಗೂ ಸೊಪ್ಪು ಹಾಕಲಿಲ್ಲ, ಕಲ್ಲಿಗೂ ಹಾಕಲಿಲ್ಲ. ರಸ್ತೆ ದಾಟಿ, ಚರಂಡಿಯಂಚಿನ ಬರೀ ನೆಲಕ್ಕೆ ಹಾಕಿ ಕೈಮುಗಿದರು.

"ಕಲ್ಲು ಆ ಕಡೆ ಇದೆಯಲ್ಲಮ್ಮ?" ಎಂದೆ.

"ರಸ್ತೆ ಅಗಲ ಮಾಡುವಾಗ ಅತ್ಲಾಗೆ ಸಾಗಿಸಿದ್ರು. ಅವನು ದನ ಉಳಿಸೋಕೆ ಹುಲಿಗೆ ಅಡ್ಡ ನಿಂತಿದ್ದು ಇಲ್ಲಿ. ಕಲ್ಲು ಸರಿದ್ರೆ ಅವನೂ ಸರೀತಾನಾ?"

"ಬೋರ್ಡಲ್ಲಿ ಯುದ್ಧ ಅಂತ ಇದೆ."

"ದನ ಕಾಯೋನಿಗೆ ಎಂಥ ಯುದ್ಧ ಮಾರಾಯ್ರೆ."

ರಸ್ತೆ ಕೆಲಸದವರು ಈ ಸೊಪ್ಪನ್ನು ಕಸವೆಂದು ಗುಡಿಸಿಬಿಡುತ್ತಾರಂತೆ. "ಅವ್ರು ಗುಡಿಸ್ಲಿ, ನಾವು ಹಾಕ್ತೀವಿ" ಎಂದರು, ಜಗಳದ ದನಿಯೇ ಇಲ್ಲದೆ.

ಡ್ರೈವರ್ ಕೂಡ ಸೀಟಿನಡಿಯಿಂದ ಸೊಪ್ಪು ತಂದು ಹಾಕಿದ. ನಾನೊಬ್ಬನೇ ಬರಿಗೈಯವನು. ಕೈಗೆಟುಕಿದ ಗಿಡದಿಂದ ಒಂದು ಟೊಂಗೆ ಮುರಿದೆ. ಚೆನ್ನಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ತೋಟದೊಳಕ್ಕೆ ಎಸೆದರು.

"ಕಾಫಿ ಸೊಪ್ಪು ಆಗೂದಿಲ್ಲ. ಅವನಿದ್ದಾಗ ಇಲ್ಲಿ ಕಾಫಿನೇ ಇರ್ಲಿಲ್ಲ. ಕಾಡಿನ ಸೊಪ್ಪೇ ತನ್ನಿ."

ಸುತ್ತ ನೋಡಿದೆ. ಕಣ್ಣು ಹಾಯುವಷ್ಟು ದೂರವೂ ಕಾಫಿ, ಅದರ ನೆರಳಿಗೆ ನೆಟ್ಟ ಸಿಲ್ವರ್ ಓಕ್, ಮತ್ತೆ ಕಾಫಿ. ಹುಡುಕುತ್ತ ಇಳಿಜಾರಿನಲ್ಲಿ ನಡೆದೆ. ಹಿಂದೆ ಡ್ರೈವರ್ ಎಂಜಿನ್ ಆಫ್ ಮಾಡಿದ್ದು ಕೇಳಿಸಿತು.